ಎಂಟರಿಂದ ಶುರುವಾದ ಅಳತೆಪಟ್ಟಿ

ಒಡ್ಡಿನ ತೂಬು ನೋಡಿಕೊಳ್ಳುವ ಕೆಲಸ ಮಾವನಿಂದ ಸೊಸೆಯ ಕೈಗೆ ಬಂದು ಒಂಬತ್ತು ವರ್ಷವಾಗಿತ್ತು. ಎಲ್ಲರ ಬಾಯಲ್ಲೂ ಅವಳು ತೂಬಿನಮ್ಮ. ಒಡ್ಡಿನ ಬಳಿ ನದಿಯ ನೀರು ಎರಡು ಕಾಲುವೆಗಳಿಗೆ ಹಂಚಿಹೋಗುತ್ತಿತ್ತು. ಎಡದ್ದು ಅವಳ ಊರಿಗೆ, ಬಲದ್ದು ಕೆಳಗಿನ ಊರಿಗೆ. ಬಲಗಾಲುವೆಯ ಗೋಡೆಗೆ ಬಡಿದ ಅಳತೆಪಟ್ಟಿಯಲ್ಲಿ ನೀರು ಅರವತ್ತು ಮುಟ್ಟಿತೆಂದರೆ ಕೆಳಗಿನವರ ಪಾಲು ತುಂಬಿದ ಲೆಕ್ಕ. ಉಳಿದದ್ದೆಲ್ಲ ಎಡಕ್ಕೆ.

ನೂಲಿನ ಕಾರ್ಖಾನೆ ಬಂದ ಮೇಲೆ ಕೆಳಗಿನ ಊರು ನೋಡನೋಡುತ್ತಲೇ ಬೆಳೆದಿತ್ತು. ಪಾಲು ಸಾಲದೆಂದು ಅಲ್ಲಿಂದ ಅರ್ಜಿಯ ಮೇಲೆ ಅರ್ಜಿ. ತೂಬಿನಮ್ಮನಿಗೆ ರೇಗುತ್ತಿತ್ತು. "ಒಂದು ಗೆರೆ ಕಡಿಮೆ ಮಾಡದೆ ಕೊಡ್ತಿದೀನಿ. ಇನ್ನೂ ಬೇಕಂತೆ!"

ಹೂಳೆತ್ತಲು ಬಲಗಾಲುವೆಯನ್ನು ಬತ್ತಿಸಿದ ದಿನ ಅವಳು ಕೆಳಗಿಳಿದು ಪಟ್ಟಿಯ ಬುಡದ ಪಾಚಿ ಉಜ್ಜಿದಳು. ಸೊನ್ನೆ ಇರಬೇಕಾದ ಕಡೆ ಎಂಟು ಇತ್ತು. ಅದರ ಕೆಳಗಿನದನ್ನು ಯಾರೋ ಗರಗಸದಿಂದ ಕೊಯ್ದು, ಪಟ್ಟಿಯನ್ನು ಅಷ್ಟು ಕೆಳಗಿಳಿಸಿ ಬಡಿದಿದ್ದರು. ಅಂದರೆ ಪಟ್ಟಿ ಅರವತ್ತು ಎಂದಾಗ ಕಾಲುವೆಯಲ್ಲಿದ್ದದ್ದು ಐವತ್ತೆರಡೇ.

ಮನೆಯಲ್ಲಿ ಮಾವ ಮುರಿದ ಕೊಡೆಯ ಕಡ್ಡಿಗೆ ದಾರ ಸುತ್ತುತ್ತಿದ್ದರು.

"ಮಾವ, ಬಲಗಾಲುವೆ ಪಟ್ಟಿ ಎಂಟರಿಂದ ಶುರುವಾಗುತ್ತೆ."

ಅವರು ತಲೆಯೆತ್ತಲಿಲ್ಲ. "ಇಷ್ಟು ವರ್ಷ ಬೇಕಾಯ್ತಾ ನಿನಗೆ?"

"ನಿಮಗೆ ಗೊತ್ತಿತ್ತಾ?"

"ಕೊಯ್ದೋನೇ ನಾನು." ದಾರಕ್ಕೆ ಗಂಟು ಹಾಕಿ ಕೊಡೆಯನ್ನು ಪಕ್ಕಕ್ಕಿಟ್ಟರು. "ಆ ವರ್ಷ ನದಿ ಸೊರಗಿತ್ತು. ನಿನ್ನ ಗಂಡ ಕೈಗೂಸು. ನಿಮ್ಮತ್ತೆ ಅವನನ್ನ ಸೊಂಟದಲ್ಲಿಟ್ಕೊಂಡು ಬೆಳಗಿಂದ ಪಂಪಿನ ಮುಂದೆ ನಿಲ್ತಿದ್ಲು. ಕೆಳಗೆ ಇದ್ದದ್ದು ನಲವತ್ತು ಮನೆ, ಅವರಿಗೆ ಬಂದದ್ದೇ ಹೆಚ್ಚಾಗ್ತಿತ್ತು. ಮಳೆ ಬಂದ ಮೇಲೆ ಸರಿ ಮಾಡೋಣ ಅಂದ್ಕೊಂಡೆ. ಮಳೆ ಬಂತು. ಯಾರೂ ಕೇಳಲಿಲ್ಲ, ನಾನೂ ಸುಮ್ಮನಾದೆ."

"ಈಗ ಅಲ್ಲಿ ಎರಡು ಸಾವಿರ ಮನೆ ಇದೆ."

"ಗೊತ್ತಮ್ಮ."

ಬಾಯಿಬಿಟ್ಟರೆ ಮಾವನ ಮಾನ ಹೋಗುತ್ತದೆ, ತನ್ನ ಬೀದಿಯ ನಲ್ಲಿ ಸಣ್ಣಗಾಗುತ್ತದೆ. ಸುಮ್ಮನಿದ್ದರೆ? ನಾಳೆಯಿಂದ ಗೊತ್ತಿದ್ದೂ ತೂಬಿನ ಚಕ್ರ ತಿರುಗಿಸಬೇಕು. ಅವಳಿಂದ ಅದಾಗದು.

"ನಾಡಿದ್ದಿನ ನೀರಿನ ಸಭೇಲಿ ಹೇಳಿಬಿಡ್ತೀನಿ ಮಾವ."

"ನೀನು ಹೇಳಿದ್ರೆ ಚಾಡಿ ಆಗುತ್ತೆ. ಕರ್ಕೊಂಡು ಹೋಗು, ನಾನೇ ಹೇಳ್ತೀನಿ."

ನೀರಾವರಿ ಕಚೇರಿಯ ಮೆಟ್ಟಿಲುಗಳನ್ನು ಮಾವ ಅವಳ ಹೆಗಲು ಹಿಡಿದು ಹತ್ತಿದರು. ಎರಡೂ ಊರಿನವರು ಎದುರುಬದುರು ಕೂತಿದ್ದರು. ಮಾವ ನಿಂತುಕೊಂಡೇ ಎಲ್ಲವನ್ನೂ ಹೇಳಿ ಮುಗಿಸಿದರು. ಅವರದೇ ಊರಿನ ಅಧ್ಯಕ್ಷ ಕಕ್ಕಾಬಿಕ್ಕಿಯಾಗಿ, "ವಯಸ್ಸಾಗಿದೆ, ಏನೋ ಬಡಬಡಿಸ್ತಾರೆ" ಎಂದ.

"ಅವರ ಬುದ್ಧಿ ನೆಟ್ಟಗಿದೆ," ಎಂದಳು ತೂಬಿನಮ್ಮ. "ಕಾಲುವೆ ಇನ್ನೂ ಒಣಗೇ ಇದೆ. ಬಂದು ನೋಡಿ."

ಕೆಳಗಿನ ಊರಿನ ಟೀಚರಮ್ಮ ಬೈಯಲಿಲ್ಲ. "ಎಂಟು ಅಂದ್ರೆ ಮನೆಗೆ ಎಷ್ಟು ಕೊಡ?" ಎಂದು ಕೇಳಿದಳು. ಎಂಜಿನಿಯರ್ ಕಾಗದದ ಮೇಲೆ ಗೀಚಿ, "ದಿನಕ್ಕೆ ಹತ್ತಕ್ಕೆ ಕಡಿಮೆಯಿಲ್ಲ" ಎಂದ.

ಪಟ್ಟಿ ಸರಿಹೋಯಿತು. ಅಷ್ಟಕ್ಕೇ ಜಗಳ ಬಗೆಹರಿಯಲಿಲ್ಲ; ಇನ್ನೂ ಮೂರು ಸಭೆ ನಡೆದವು. ಕೊನೆಗೆ, ಐದು ವರ್ಷಕ್ಕೊಮ್ಮೆ ತಲೆ ಎಣಿಸಿ ಪಾಲು ಗೊತ್ತುಮಾಡುವುದು, ನದಿ ಸೊರಗಿದಾಗ ಎರಡೂ ಊರಿನವರು ಒಂದೇ ಪ್ರಮಾಣದಲ್ಲಿ ಕಡಿಮೆ ಮಾಡಿಕೊಳ್ಳುವುದು ಎಂದಾಯಿತು. ತೂಬಿನಮ್ಮನ ಬೀದಿಯಲ್ಲಿ ನಲ್ಲಿ ಅರ್ಧ ಗಂಟೆ ಮೊದಲೇ ನಿಲ್ಲತೊಡಗಿತು. ಪಕ್ಕದ ಮನೆಯಾಕೆ, "ನಿಮ್ಮ ಮಾವನಿಗೆ ಈಗ ಸಮಾಧಾನವಾ?" ಎಂದು ಚುಚ್ಚಿದಳು. ಟೀ ಅಂಗಡಿಯ ಬೆಂಚಿನಲ್ಲಿ ಮಾವ ಒಬ್ಬರೇ ಕೂರುವಂತಾಯಿತು. ಆದರೂ ಹೋಗುವುದನ್ನು ಅವರು ಬಿಡಲಿಲ್ಲ.

ದಿನಾ ಬೆಳಿಗ್ಗೆ ತಮ್ಮ ಊರಿನ ಪರವಾಗಿ ಅಳತೆ ನೋಡಲು ಟೀಚರಮ್ಮ ಸೈಕಲ್ಲಿನಲ್ಲಿ ಬರುತ್ತಿದ್ದಳು. ಅರ್ಧ ಗೆರೆಗೂ ಇಬ್ಬರಿಗೂ ಜಟಾಪಟಿ. ಮಳೆ ಹಿಡಿದು ನೀರು ಒಡ್ಡಿನ ಮೇಲೆ ಉಕ್ಕಿಹೋಗುತ್ತಿದ್ದ ಒಂದು ದಿನ ಮಾತ್ರ ಇಬ್ಬರೂ ಪಟ್ಟಿಯ ಕಡೆ ನೋಡಲಿಲ್ಲ.

"ಇದಿಷ್ಟೂ ಸುಮ್ಮನೆ ಹೋಗ್ತಿದೆಯಲ್ರೀ," ಎಂದಳು ಟೀಚರಮ್ಮ.

"ಆ ತಗ್ಗಿನಲ್ಲಿ ಕೆರೆ ಕಟ್ಟಿದ್ರೆ ಬೇಸಿಗೆಗೆ ಆಗುತ್ತೆ. ಅರ್ಜಿ ನೀವು ಬರೀರಿ, ನಿಮ್ಮ ಅಕ್ಷರ ಚೆನ್ನಾಗಿದೆ."

"ಸಹಿ ಎರಡೂ ಊರಿಂದು ಬೇಕಾಗುತ್ತೆ. ನಿಮ್ಮೋರು ಹಾಕ್ತಾರಾ?"

"ಪಕ್ಕದ ಮನೆಯಿಂದಲೇ ಶುರು ಮಾಡ್ತೀನಿ," ಎಂದಳು ತೂಬಿನಮ್ಮ.