ತ್ರಾಸಿಯ ಹೊಯ್ಗೆಯಲ್ಲಿ ಲೋ ಗೇರ್

ಶ್ರಾವ್ಯಳ ಕೈಗೆ ಜೀಪು ಬಂದು ಮೂರೇ ದಿನ ಆಗಿತ್ತು. ಹೆಮ್ಮಾಡಿಯಲ್ಲಿ ಮನೆಯವರ ಹೋಟೆಲು ನಡೆಸುವ ಅವಳು, ಹಳೆಯದಾದರೂ ಸರಿ, ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕೆಂದು ಹಟ ಹಿಡಿದು ಕೊಂಡಿದ್ದಳು. ಪಕ್ಕದಲ್ಲಿ ಕೂತವರು ಅಮ್ಮನ ಅಣ್ಣ ಭೋಜ ಮಾವ. ಮೂವತ್ತು ವರ್ಷ ಘಟ್ಟದ ಕಲ್ಲುದಾರಿಯಲ್ಲಿ ಜೀಪು ಓಡಿಸಿದವರು. ಮೊಣಕಾಲಿನ ಆಪರೇಷನ್ ಆದಮೇಲೆ ಕ್ಲಚ್ ತುಳಿಯುವಂತಿಲ್ಲ. ಹಾಗಾಗಿ ಈಗ ಬಾಯಲ್ಲೇ ಓಡಿಸುತ್ತಿದ್ದರು.

ನಾಲ್ಕು ದಿನದ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಹೈವೇಯಲ್ಲಿ ಉತ್ತರಕ್ಕೆ ಹೋಗುತ್ತಿದ್ದ ಶ್ರಾವ್ಯ ತಡೆಯಲಾರದೆ, ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಚಿಕ್ಕ ಗೇರಿನ ಕೋಲಿಗೆ ಕೈ ಹಾಕಿದಳು.

"ಈಗ ಎಂತಕ್ಕೆ ಅದನ್ ಮುಟ್ತೆ?" ಎಂದರು ಮಾವ. "ಒಣಗಿದ ಟಾರ್ ರೋಡ್ ಇದ್. ತಿರುವಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಓಡ್ಕ್, ಹಿಂದಿನದ್ ಕಮ್ಮಿ. ಎರಡನ್ನೂ ಒಟ್ಟಿಗೆ ಕಟ್ಟಿ ಹಾಕ್ರೆ ಒಳಗೆ ಗೇರೆಲ್ಲ ಬಿಗಿತ್ತ್. ಕೆಸರೋ ಹೊಯ್ಗೆಯೋ ಆದ್ರೆ ಚಕ್ರ ಚೂರ್ ಜಾರಿ ಸರಿ ಆತ್."

"ಹಂಗಾರೆ ಯಾವಾಗ ಹಾಕೂದ್ ಮಾವ?"

"ಬೇಕಾದಾಗ ನಾ ಹೇಳ್ತೆ."

ತ್ರಾಸಿ ಹತ್ತಿರ ಬಂದಾಗ ಒಬ್ಬ ಹೆಂಗಸು ಎರಡೂ ಕೈ ಎತ್ತಿ ರಸ್ತೆಗೇ ಓಡಿಬಂದಳು. ದಿನವೂ ಹೋಟೆಲಿಗೆ ಮೀನು ತರುವ ಸುಂದರಿ.

"ಶ್ರಾವ್ಯಮ್ಮ, ಇನ್ನ್ ಚೂರ್ ಹೊತ್ತಲ್ ನಮ್ಮ ದೋಣಿ ಕಲ್ಲಿಗೆ ಬಡ್ದ್ ಒಡ್ದ್ ಹೋತ್. ಜೀಪ್ ತಕಂಡ್ ಬನ್ನಿ."

ಅವಳ ಗಂಡ ಕುಷ್ಟ ಮೀನು ಹಿಡಿದು ದಡಕ್ಕೆ ಬರುವಾಗ ತೆರೆಯೊಂದು ದೋಣಿಯನ್ನು ಎತ್ತಿ ಹಾಕಿತ್ತು. ಜನರೆಲ್ಲ ಪಾರಾಗಿದ್ದರು. ಆದರೆ ನೀರು ತುಂಬಿದ ದೋಣಿ ದಡದಂಚಿಗೆ ಸಿಕ್ಕಿಕೊಂಡು, ಪ್ರತಿ ತೆರೆಗೂ ಪಕ್ಕದ ಬಂಡೆಗಲ್ಲಿನ ತಡೆಗೋಡೆಯತ್ತ ಸರಿಯುತ್ತಿತ್ತು. ಕ್ರೇನ್ ಬರಲು ಇನ್ನೂ ಒಂದು ಗಂಟೆ ಬೇಕಿತ್ತು.

ಸುಂದರಿಯನ್ನು ಹಿಂದೆ ಹತ್ತಿಸಿಕೊಂಡು ಶ್ರಾವ್ಯ ತೆಂಗಿನ ತೋಟದ ಕೆಮ್ಮಣ್ಣಿನ ಓಣಿಗೆ ತಿರುಗಿಸಿದಳು. ಕೆಸರಿನಲ್ಲಿ ಜೀಪಿನ ಹಿಂಭಾಗ ಬೇಲಿಯತ್ತ ಜಾರಿತು.

"ಈಗ ಫೋರ್ ವೀಲ್ ಹೈ ಹಾಕ್. ಬ್ರೇಕ್ ತುಳಿಬೇಡ, ಒಂದೇ ಸ್ಪೀಡಲ್ ಹೋಗ್."

ಗೇರಿನ ಕೋಲು ಎಳೆದಳು. ಮುಂದಿನ ಚಕ್ರಗಳು ನೆಲ ಕಚ್ಚಿ ಹಿಡಿದವು. ಓಲಾಡುತ್ತಿದ್ದ ಗಾಡಿ ನೆಟ್ಟಗಾಗಿ ಮುಂದೆ ನುಗ್ಗಿತು. ಅವಳ ಎದೆ ಹಿಗ್ಗಿತು.

ದಡದಲ್ಲಿ ಹದಿನೈದು ಜನ ದೋಣಿಗೆ ಕಟ್ಟಿದ ಹಗ್ಗ ಹಿಡಿದು ನಿಂತಿದ್ದರು. ಶ್ರಾವ್ಯ ಜೀಪನ್ನು ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಿಸಿದಳು. ಅವರು ಹಗ್ಗವನ್ನು ಹಿಂದಿನ ಕೊಕ್ಕೆಗೆ ಬಿಗಿದರು.

"ನಿಲ್, ಮೊದ್ಲ್ ಟೈರಿನ ಗಾಳಿ..." ಎನ್ನುತ್ತಾ ಮಾವ ಇಳಿಯುವಷ್ಟರಲ್ಲೇ ಅವಳು ಆಕ್ಸಿಲರೇಟರ್ ಒತ್ತಿಯಾಗಿತ್ತು. ನಾಲ್ಕು ಚಕ್ರವೂ ಗಿರ್ರನೆ ತಿರುಗಿ ಹೊಯ್ಗೆಯೊಳಗೆ, ಆ ಸಡಿಲ ಮರಳಿನಲ್ಲಿ, ಅರ್ಧ ಹೂತುಹೋದವು. ದೋಣಿ ಒಂದಿಂಚೂ ಬರಲಿಲ್ಲ. ಇನ್ನೊಂದು ತೆರೆ ಬಂದು ಅದನ್ನು ಬಂಡೆಗೆ ಅರ್ಧ ಮಾರು ಹತ್ತಿರ ತಳ್ಳಿತು. ಸುಂದರಿ ಬಾಯಿಗೆ ಸೆರಗು ಒತ್ತಿಕೊಂಡಳು.

ಮಾವ ಗದರಲಿಲ್ಲ. ಊರುಗೋಲು ಹಿಡಿದೇ ಕೆಲಸ ಹಂಚಿದರು. ಇಬ್ಬರು ಚಕ್ರದ ಸುತ್ತ ಹೊಯ್ಗೆ ಬಗೆದರು, ಇಬ್ಬರು ತೆಂಗಿನ ಮಡಲು ತಂದು ಟೈರಿನ ಅಡಿಗೆ ತುರುಕಿದರು. ಶ್ರಾವ್ಯ ಒಂದೊಂದೇ ಟೈರಿನಿಂದ ಅರ್ಧ ಗಾಳಿ ಬಿಟ್ಟಳು. ಟೈರುಗಳು ಅಗಲವಾಗಿ ನೆಲಕ್ಕೆ ಹರಡಿಕೊಂಡವು.

"ಇನ್ನ್ ಲೋ ಗೇರ್. ನ್ಯೂಟ್ರಲ್ ಮಾಡಿ, ಕ್ಲಚ್ ಪೂರ್ತಿ ತುಳ್ದ್ ಹಾಕ್. ಸ್ಪೀಡ್ ಬೇಡ, ಬಲ ಸಾಕ್. ಹ್ವಾಯ್, ಹಗ್ಗದ ಹತ್ರ ಯಾರೂ ನಿಲ್ಬೇಡಿ, ತುಂಡಾದ್ರೆ ಹೊಡಿತ್ತ್."

ಸೊಂಟದ ಮಟ್ಟದ ನೀರಿನಲ್ಲಿದ್ದ ಕುಷ್ಟ ಕೂಗಿದ: "ತೆರೆ ಎತ್ತುವಾಗ ಎಳೀಕ್ ಅಮ್ಮ. ನಾ ಕೈ ಮೇಲೆ ಮಾಡ್ತೆ."

ಅವಳು ಕನ್ನಡಿಯಲ್ಲಿ ಅವನನ್ನೇ ನೋಡುತ್ತ ಕೂತಳು. ಒಂದು ತೆರೆ ಹೋಯಿತು, ಕುಷ್ಟ ಅಲುಗಲಿಲ್ಲ. ಎರಡನೆಯದೂ ಹೋಯಿತು. ಮೂರನೆಯದು ಉಬ್ಬಿ ಬಂದಾಗ ಅವನ ಕೈ ಮೇಲೆದ್ದಿತು. ಶ್ರಾವ್ಯ ಮೆಲ್ಲಗೆ ಕ್ಲಚ್ ಬಿಟ್ಟಳು. ಇಂಜಿನ್ ಗುಡುಗಿತು, ಹಗ್ಗ ಬಿಗಿಯಿತು, ಜೀಪು ಆಮೆಯಂತೆ ತೆವಳಿತು.

"ಬಂತ್ ಬಂತ್, ಬಿಡ್ಬೇಡಿ," ಎಂದು ದಡವಿಡೀ ಕೂಗು.

ಒಂದು ಮಾರು. ಮತ್ತೆ ಕೈ, ಮತ್ತೆ ಎರಡು ಮಾರು. ಎಂಟನೆಯ ತೆರೆಗೆ ದೋಣಿ ಪೂರ್ತಿ ನೀರಿನಿಂದ ಹೊರಬಂದು ಮರಳಿನ ಮೇಲೆ ಮಗ್ಗುಲಾಯಿತು. ಒಳಗಿನ ನೀರು ಧೋ ಎಂದು ಸುರಿಯಿತು, ಜೊತೆಗೆ ಉಳಿದಿದ್ದ ಬಂಗುಡೆ ಮೀನೂ. ಕುಷ್ಟ ದೋಣಿಯ ಇಂಜಿನ್ ತಡವಿ, ಅಡಿಭಾಗಕ್ಕೆ ಕೈಯಾಡಿಸಿ ಬಂದ.

"ಒಂದ್ ಕಡೆ ಬಿರುಕ್ ಬಿಟ್ಟಿತ್ತ್, ಅಷ್ಟೇ. ವಾರದಲ್ ಸರಿ ಆತ್," ಎಂದವನೇ ಹೊಯ್ಗೆಯಲ್ಲಿ ಕುಳಿತುಬಿಟ್ಟ. ಸುಂದರಿ ಅವನ ತಲೆ ಒರೆಸಿದಳು.

ಶ್ರಾವ್ಯ ಇಳಿದು ಮಾವನ ಪಕ್ಕ ನಿಂತಳು. "ಮೊದ್ಲ್ ನಾ ಮಾಡಿದ್ ತಪ್ಪಿಗೆ ದೋಣಿ ಒಡ್ದ್ ಹೋಗಿದ್ರೆ?"

"ನಾ ಮೊದಲ ವರ್ಷ ಒಂದ್ ಜೀಪನ್ನೇ ಹೊಳೆಲ್ ಬಿಟ್ಟ್ ಬಂದವ," ಎಂದರು ಮಾವ. "ಯಾರಿಗೂ ಹೇಳ್ಬೇಡ."

ಅವಳು ನಗತೊಡಗಿದಳು. ಅಷ್ಟರಲ್ಲಿ ತಡೆಗೋಡೆಯ ಮೇಲಿಂದ ಯಾರೋ ಕೂಗಿದರು: "ಹ್ವಾಯ್ ಜೀಪಿನಮ್ಮ, ಹೋಬೇಡಿ, ಬಚ್ಚನ ದೋಣಿಯೂ ಬತ್ತಾ ಇತ್ತ್, ಅದನ್ನೂ ಎಳೀಕ್."

ಮಾವ ಏನೋ ಹೇಳಲು ಬಾಯಿ ತೆರೆಯುವ ಮೊದಲೇ ಶ್ರಾವ್ಯ ಓಡಿ ಸೀಟಿಗೆ ಹತ್ತಿ ಕೂತಿದ್ದಳು.