ಮಾಣಿಕಪ್ಪನ ಬೆನ್ನಿಗೆ ಮೂರು ಜೋಡಿ ಕೈ

ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ಬಿದ್ದು ಮಾಣಿಕಪ್ಪನ ಬೆನ್ನುಹುರಿಗೆ ಪೆಟ್ಟಾಗಿ ಮೂರು ತಿಂಗಳಾಗಿತ್ತು. ಸೊಂಟದಿಂದ ಕೆಳಗೆ ಅರಿವೇ ಇಲ್ಲ. ದೊಡ್ಡ ದವಾಖಾನೆಯಿಂದ ಮನೆಗೆ ಕರೆತಂದ ಮೇಲೆ ಹೆಂಡತಿ ಭೀಮಬಾಯಿಗೆ ಒಂದೇ ಹಂಬಲ: ಗಂಡ ಮತ್ತೆ ಎದ್ದು ನಡೆಯಬೇಕು.

ಒಂದು ದಿನ ಮಾಣಿಕಪ್ಪನ ಅಣ್ಣ ಅಂಬಾರಾಯ ಓಡೋಡಿ ಬಂದ. ಅವನೂ ಅದೇ ಗಣಿಯವನು. ಯಾರು ಏನು ಹೇಳಿದರೂ ಪೂರಾ ನಂಬುವ ಆಸಾಮಿ.

"ಭೀಮಬಾಯಿ, ಗಡಿ ಆಚಿ ಒಬ್ಬ ವೈದ್ಯ ಇದ್ದಾನಂತ! ಆಡಿನ ನರ ತಗದು ಮನಷ್ಯಾನ ಬೆನ್ನಾಗ ಕೂಡಿಸ್ತಾನಂತ. ನಾಳಿ ಮುಂಜಾನಿ ಕಲ್ಲಿನ ಲಾರ್ಯಾಗ ಹಾಕ್ಕೊಂಡು ಹೋಗೂಣು."

ಭೀಮಬಾಯಿಯ ಜೀವ ಹಿಗ್ಗಿತು. ಬಟ್ಟೆ ಗಂಟು ಕಟ್ಟತೊಡಗಿದಳು. ಅಷ್ಟರಲ್ಲಿ ಮಾಣಿಕಪ್ಪನನ್ನು ನೋಡಲು ಬಂದರು ಊರ ದವಾಖಾನೆಯ ನರ್ಸಬಾಯಿ ನಜಮುನ್ನೀಸಾ. ವಿಷಯ ಕೇಳಿ ಗಂಟಿನ ಮೇಲೇ ಕೈ ಇಟ್ಟರು.

"ಬ್ಯಾಡವ್ವಾ. ನರದ ತುಂಡು ಕೂಡಿಸಿ ಬೆನ್ನುಹುರಿ ಸರಿ ಮಾಡಬೋದೇನಂತ ದೊಡ್ಡ ಡಾಕ್ಟರು ಇಲಿ ಮ್ಯಾಲ ನೋಡಾಕತ್ಯಾರ. ಅದು ಖರೇ. ಆದ್ರ ಮನಷ್ಯಾರಿಗೆ ಕೊಡೋ ಖಾತ್ರಿ ಇಲಾಜು ಅದು ಇನ್ನಾ ಆಗಿಲ್ಲ. ಸಿಕ್ಕವರ ಕೈಯಾಗ ಬೆನ್ನು ಕೊಟ್ರ ಜೀವಕ್ಕ ಬರ್ತದ."

"ಭಾಳ ಮಂದಿ ನಡದಾರಂತ್ರಿ!" ಅಂಬಾರಾಯ ಸಿಡುಕಿದ.

"ನಡದವ್ರನ್ನ ನೀವು ಕಣ್ಣಿಲೆ ನೋಡೀರೇನು?"

ಅಂಬಾರಾಯ ಯಾರನ್ನೂ ನೋಡಿರಲಿಲ್ಲ.

"ಇರ್ಲಿ, ತಮ್ಮನ್ನ ಜರಾ ಹೊಳ್ಳಸ್ರಿ" ಎಂದರು ನರ್ಸಬಾಯಿ. ಅಂಬಾರಾಯ ಎಂದಿನಂತೆ ಭುಜ ಹಿಡಿದು ಎಳೆದ. ಭುಜ ಹೊರಳಿತು, ಸೊಂಟ ಅಲ್ಲೇ ಉಳಿಯಿತು.

"ನಿಂದ್ರಿ! ದೊಡ್ಡ ಫರ್ಸಿ ಹಿಂಗ ಒಂದೇ ಮೂಲಿ ಹಿಡದು ಎಬ್ಬಿಸ್ತೀರೇನು?"

"ಛೇ! ಮುರದು ಹೋಗ್ತದ. ಮೂರು ಮಂದಿ ಸಾಲಾಗಿ ಕೈ ಹಚ್ಚಿ, ಒಬ್ಬ ಹೂಂ ಅಂದ ಕೂಡ್ಲೆ…" ಅಂಬಾರಾಯ ಹಿಡಿದಿದ್ದ ಭುಜ ಬಿಟ್ಟ. ಕಲ್ಲಿಗೆ ಮಾಡಿದ ಜತನ ತಮ್ಮನಿಗೆ ಮಾಡಿರಲಿಲ್ಲ.

ಮೂವರೂ ಸಾಲಾಗಿ ಕುಳಿತರು. ಭುಜಕ್ಕೆ, ಸೊಂಟಕ್ಕೆ, ಮೊಣಕಾಲಿಗೆ ಕೈ ಹಚ್ಚಿದರು. "ಹೂಂ!" ಎಂದ ಅಂಬಾರಾಯ. ಮಾಣಿಕಪ್ಪ ಒಂದೇ ಸಲಕ್ಕೆ ಮಗ್ಗುಲಾದ. ಸೊಂಟದ ಕೆಳಗೆ ಅಂಗೈಯಗಲ ಚರ್ಮ ಕೆಂಪಾಗಿತ್ತು.

"ಇವರಿಗೆ ನೋವು ಗೊತ್ತಾಗಂಗಿಲ್ಲ. ಒಂದೇ ಮಗ್ಗಲಿಗೆ ಬಿಟ್ರ ಒತ್ತಿ ಹುಣ್ಣಾಗಿ ನಂಜೇರ್ತದ. ಎರಡು ತಾಸಿಗೊಮ್ಮೆ ಹಿಂಗ ಹೊಳ್ಳಸ್ರಿ" ಎಂದರು ನರ್ಸಬಾಯಿ.

ಭೀಮಬಾಯಿಗೆ ಅಳು ಉಕ್ಕಿತು. "ಕಾಲು ಯಾವಾಗ ಅಲಗ್ತಾವಂತ ಕಾಲೇ ನೋಡ್ಕೋತ ಕುಂತೆ. ಬೆನ್ನು ನೋಡಲೇ ಇಲ್ಲಲ್ರಿ!"

"ಅಳಬ್ಯಾಡ" ಎಂದ ಮಾಣಿಕಪ್ಪ. "ಫರ್ಸಿಕಿಂತ ಹಗೂರ ಇದ್ದೀನಿ. ಹೊಳ್ಳಸ್ರಿ." ಆಮೇಲೆ ಮೆಲ್ಲಗೆ ಕೇಳಿದ: "ನರ ಕೂಡಿಸೋದು ನಮ್ಮ ಕಾಲಕ್ಕ ಬರ್ತದೇನ್ರಿ?"

"ಗೊತ್ತಿಲ್ಲಪ್ಪಾ, ಸುಳ್ಳು ಹೇಳಂಗಿಲ್ಲ. ಬಂದ ದಿವಸ ನೀ ಗಟ್ಟಿ ಇರಬೇಕಲ್ಲ?"

ಮರುದಿನ ಲಾರಿ ಮಾಣಿಕಪ್ಪನನ್ನು ಬಿಟ್ಟೇ ಹೋಯಿತು. ನರ್ಸಬಾಯಿಯ ಜಾಗಕ್ಕೆ ನೆರೆಮನೆಯ ಸಾಬಮ್ಮ ಬಂದಳು. ಎರಡೆರಡು ತಾಸಿಗೊಮ್ಮೆ ಆ ಮನೆಯಲ್ಲಿ "ಹೂಂ!" ಕೇಳಿಸುತ್ತಿತ್ತು. ಕೆಲವು ದಿನಗಳಲ್ಲಿ ಕೆಂಪು ಇಳಿಯಿತು. ಅದನ್ನು ಮೊದಲು ಕಂಡವಳು ಭೀಮಬಾಯಿ. ಅಂದು ಮೂರು ತಿಂಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬೆನ್ನುಹುರಿಗೆ ಪೆಟ್ಟಾಗಿ ಮಲಗಿದವರು ಇದ್ದಾರೆಯೇ? ಆಡಿನ ನರದ ಮಾತಿಗೆ ಮರುಳಾಗಬೇಡಿ. ಎರಡು ತಾಸಿಗೊಮ್ಮೆ ಇಡೀ ಮೈ ಒಟ್ಟಿಗೆ ಹೊರಳಿಸಿ, ಹಾಸಿಗೆ ಒಣಗಿರಲಿ, ಕೆಂಪಾದ ಜಾಗವನ್ನು ತಿಕ್ಕಬೇಡಿ, ಚರ್ಮ ಒಡೆದರೆ ತಡಮಾಡದೆ ದವಾಖಾನೆಗೆ ತೋರಿಸಿ. ಅವರಿಗೆ ನೋವು ತಿಳಿಯದು, ಕೂಗಿ ಕರೆಯುವುದಿಲ್ಲ. ಈಗಲೇ ಎದ್ದು ಹೋಗಿ ಅವರ ಬೆನ್ನು ನೋಡಿ ಬನ್ನಿ.