ಯಂತ್ರಕ್ಕೆ ಓಗೊಡುವ ಹೆಬ್ಬೆರಳು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡು ಜನ ನಗುತ್ತಾರೆ. ಟೇಲರನ ಅಕ್ಕ ಅವರನ್ನೂ ಮೀರಿಸಿದವಳು. ಹೊಲಿಯುವ ಕೈಯೇ ಬಿದ್ದುಹೋಗಿರುವಾಗ ಊರವರ ಬಟ್ಟೆ ತೆಗೆದುಕೊಂಡು ಕೂತಿದ್ದಳು.

ಅಂಗಡಿಯ ಬೋರ್ಡು ಕಟ್ಟಲು ಏಣಿ ಹತ್ತಿದ ತಮ್ಮ ಬಿದ್ದು, ಕುತ್ತಿಗೆಯ ಮೂಳೆ ಮುರಿದುಕೊಂಡು ಎರಡು ವರ್ಷವಾಗಿತ್ತು. ಕಾಲು ಹೋದದ್ದು ಹೋಯಿತು. ಭುಜ ಆಡುತ್ತಿತ್ತು, ಮೊಣಕೈ ಮಡಚುತ್ತಿತ್ತು, ಬೆರಳುಗಳಲ್ಲಿ ಮಾತ್ರ ಜೀವವಿರಲಿಲ್ಲ. ಕೊಯ್ಯದೆ ಚುಚ್ಚದೆ ನರಗಳನ್ನು ಎಬ್ಬಿಸುವ ಹೊಸ ಚಿಕಿತ್ಸೆಯನ್ನು ಪರೀಕ್ಷಿಸುತ್ತಿದ್ದ ಆಸ್ಪತ್ರೆಯವರು ಅವನನ್ನೂ ಸೇರಿಸಿಕೊಂಡರು. ಒಟ್ಟು ಮೂವತ್ತು ದಿನ. ತಲೆಯ ಮೇಲೆ ಅಯಸ್ಕಾಂತದ ಸುರುಳಿ, ಮಣಿಕಟ್ಟಿಗೆ ಕರೆಂಟಿನ ಪಟ್ಟಿ. ಎರಡೂ ಕಡೆಯ ಮಿಡಿತ ಕುತ್ತಿಗೆಯಲ್ಲಿ ಒಂದೇ ಗಳಿಗೆಗೆ ಕೂಡಿದರೆ ಮುಚ್ಚಿದ ದಾರಿ ತೆರೆದೀತು ಎಂಬುದು ಅವರ ಎಣಿಕೆ.

ಒಂಬತ್ತನೆಯ ದಿನ ಯಂತ್ರ 'ಟಕ್' ಎಂದಾಗ ಹೆಬ್ಬೆರಳು ಹಾರಿತು. ಅಕ್ಕ ಕಣ್ಣಾರೆ ಕಂಡಳು. ಅಂದೇ ಸಂಜೆ ಅಂಗಡಿಯ ಬಾಗಿಲು ತೆಗೆದು ಮೇಷ್ಟರೊಬ್ಬರ ಕೋಟಿಗೆ ಅಳತೆ ಹಿಡಿದಳು. "ಕತ್ತರಿಸೋದು ಅವನೇ. ಮುಂದಿನ ತಿಂಗಳು ಬನ್ನಿ." ಅವಳಿಗೆ ಬರುತ್ತಿದ್ದುದು ಕಾಜಾ, ಗುಂಡಿ, ಅಷ್ಟೆ. ಮೂವತ್ತು ದಿನ ಮುಗಿಯುವ ಹೊತ್ತಿಗೆ ಕಪಾಟಿನಲ್ಲಿ ಇಂಥ ಹನ್ನೊಂದು ಗಂಟು ಬಟ್ಟೆ ಸೇರಿದ್ದವು.

ಯಂತ್ರ ಕರೆದರೆ ಓಗೊಡುವ ಬೆರಳು ತಾನು ಕರೆದರೆ ಕಿವುಡು ಎಂಬುದು ತಮ್ಮನಿಗೆ ಅಂದೇ ಗೊತ್ತಾಗಿತ್ತು. ಅವಳ ಮುಖ ನೋಡಿ ಬಾಯಿಗೆ ಬೀಗ ಹಾಕಿಕೊಂಡ. ಹೇಡಿ ಎಂದರೆ ಹೇಡಿಯೇ.

ಕೊನೆಯ ದಿನ ಅಕ್ಕ ಕೋಟಿನ ಬಟ್ಟೆಯನ್ನೇ ಆಸ್ಪತ್ರೆಗೆ ಹೊತ್ತು ತಂದಳು. "ಇಲ್ಲಿಂದ ಸೀದಾ ಅಂಗಡಿಗೇ ಹೋಗೋಣ. ಗುರುತು ಹಾಕ್ಬಿಡು ನೀನು."

ಅವನಿಗೆ ಇನ್ನು ತಡೆಯಲಾಗಲಿಲ್ಲ. "ಮೇಡಂ," ಎಂದ, ಯಂತ್ರ ನಡೆಸುವಾಕೆಗೆ. "ಕಣ್ಣು ಮುಚ್ಕೋತೀನಿ. ಹೇಳ್ದೆ ಕೇಳ್ದೆ ಒತ್ತಿ. ಅಕ್ಕಾ, ನೋಡ್ತಿರು, ನಾನೇನೂ ಮಾಡಲ್ಲ."

ಟಕ್. ಹೆಬ್ಬೆರಳು ಹಾರಿತು.

"ಈಗ ಒತ್ಬೇಡಿ." ಅವನು ಹಲ್ಲು ಕಚ್ಚಿದ. ಹಣೆಯ ನರ ಉಬ್ಬಿತು, ಭುಜ ನಡುಗಿತು, ಕಣ್ಣಲ್ಲಿ ನೀರು ಬಂತು. ಹೆಬ್ಬೆರಳು ಮಿಸುಕಲಿಲ್ಲ.

"ಒಂದಿನಾನೂ ಆಡಿಸಿದ್ದು ನಾನಲ್ಲ ಅಕ್ಕಾ."

ಮೇಡಂ ತಲೆ ತಗ್ಗಿಸಿದಳು. "ತಾವಾಗಿ ಬೆರಳು ಆಡಿಸಿದೋರನ್ನ ಮಾತ್ರ ಮುಂದುವರಿಸ್ತಾರೆ. ಇವತ್ತಿಗೆ ಮುಗೀತು."

ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಬಟ್ಟೆಯ ಗಂಟನ್ನು ನೆಲಕ್ಕಿಟ್ಟು ತಮ್ಮನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದಳು. "ಯಂತ್ರ ಆರಿಸೋಕೆ ಮುಂಚೆ ಒಂದೇ ಒಂದ್ಸಲ ಒತ್ತಿ ಮೇಡಂ."

ಟಕ್. ಮುಷ್ಟಿಯೊಳಗೆ ಬೆರಳು ಒದೆಯಿತು.

"ಇನ್ನೊಂದ್ಸಲ," ಎಂದಳು.

ಮರುದಿನ ಗಂಟುಗಳನ್ನೆಲ್ಲ ಅವಳೇ ಮನೆಮನೆಗೆ ಹಿಂದಿರುಗಿಸಿ ಬಂದಳು. ಮೇಷ್ಟರದ್ದು ಕೊನೆಯ ಮನೆ. ಅವರು ಬಟ್ಟೆಗೆ ಕೈ ಚಾಚದೆ, "ಇನ್ನೂ ಒಂದೆರಡು ತಿಂಗಳು ಬೇಕಿದ್ರೆ ಕಾಯ್ತೀನಮ್ಮ, ಅವಸರ ಇಲ್ಲ," ಎಂದರು.

"ಕಾಯ್ಬೇಡಿ," ಎಂದಳು ಅಕ್ಕ.